ಕೇಳಿಸದವರ ಮುಂದೆ

“ಸದ್ದನ್ನ ಓಡಿಸೋಕೆ ಹೋಗಬೇಡಿ,” ಎಂದು ಅವಳು ಹೇಳುತ್ತಿದ್ದಳು. “ಕಿವಿಯೊಳಗೆ ಗುಂಯ್ ಅಂತಿದೆಯಾ, ಅನ್ನಲಿ. ಇದೆ ಅಂತ ಒಪ್ಪಿಕೊಳ್ಳಿ, ಅಷ್ಟೆ. ಉಸಿರು ಒಳಗೆ ಹೋಗೋದನ್ನ ಗಮನಿಸಿ, ಹೊರಗೆ ಬರೋದನ್ನ ಗಮನಿಸಿ. ಮನಸ್ಸು ಎಲ್ಲೋ ಹೋಯ್ತು ಅಂತ ಗೊತ್ತಾದಾಗ ಬೈಕೋಬೇಡಿ. ಮೆತ್ತಗೆ ವಾಪಸ್ ಕರ್ಕೊಂಡು ಬನ್ನಿ.”

ಕಿವಿಯ ಕ್ಲಿನಿಕ್ಕಿನಲ್ಲಿ ಅವಳ ಎದುರಿಗೆ ಕೂತಿದ್ದವರು ಬಸ್ಸು ಓಡಿಸಿ ನಿವೃತ್ತರಾದವರು. ಆಯುಷ್ಯದ ಮುಕ್ಕಾಲು ಪಾಲು ಎಂಜಿನ್ನಿನ ಪಕ್ಕದಲ್ಲಿ ಕಳೆದದ್ದಕ್ಕೆ ಈಗ ಎಂಜಿನ್ನು ಅವರ ತಲೆಯೊಳಗೇ ಬಂದು ಕೂತಿತ್ತು. ಕಣ್ಣು ಮುಚ್ಚಿ ಎಂದರೆ ಮುಚ್ಚುತ್ತಿದ್ದರು, ಆದರೆ ರೆಪ್ಪೆ ಅದುರುತ್ತಿತ್ತು, ರಸ್ತೆಯಿಂದ ಕಣ್ಣು ತೆಗೆದು ಅಭ್ಯಾಸವೇ ಇಲ್ಲದವರ ಹಾಗೆ. ಅವಳು ದನಿಯನ್ನು ಇನ್ನೂ ಒಂದು ಮಟ್ಟ ಇಳಿಸಿದಳು. ಈ ದನಿ ಅವಳದಲ್ಲ. ಕಲಿಯುವಾಗ ಪಾಠ ಹೇಳಿದ ಮೇಡಂ ಒಬ್ಬರಿಂದ ಅದರ ಮೆದುತನ ಬಂದಿತ್ತು, ವಾಕ್ಯದ ಕೊನೆಯನ್ನು ಸ್ವಲ್ಪ ಎಳೆಯುವುದು ಡಾಕ್ಟರದು, ನಡುವೆ ತಲೆ ವಾಲಿಸಿ ನಗುವುದು ಯಾರದೋ, ಈಗ ಅವಳಿಗೂ ನೆನಪಿರಲಿಲ್ಲ. ಡಾಕ್ಟರ ಜತೆ ನಿಂತರೆ ಡಾಕ್ಟರ ಹಾಗೆ, ನೆಲ ಒರೆಸುವ ಹೆಂಗಸಿನ ಜತೆ ನಿಂತರೆ ಅವಳ ಹಾಗೆ ಮಾತು ತಾನಾಗಿ ತಿರುಗಿಕೊಳ್ಳುತ್ತಿತ್ತು. ಇದನ್ನು ಎಲ್ಲರೂ ಒಳ್ಳೆಯ ಗುಣವೆಂದೇ ಹೇಳುತ್ತಿದ್ದರು. ಯಾರ ಜತೆ ಬೇಕಾದರೂ ಹೊಂದಿಕೊಂಡು ಹೋಗ್ತಾಳೆ. ಮದುವೆಗೆ ಮುಂಚೆ ಅವಳ ಅಪ್ಪನೂ ಗಂಡಿನ ಕಡೆಯವರಿಗೆ ಇದೇ ಮಾತನ್ನು ಹೇಳಿದ್ದ, ಸಾಮಾನಿನ ಬಾಳಿಕೆಯ ಬಗ್ಗೆ ಅಂಗಡಿಯವನು ಹೇಳುವ ಹಾಗೆ.

ಚಾಲಕರು ಕಣ್ಣು ಬಿಟ್ಟರು. “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಮಾಡ್ತೀರಾ ಇದನ್ನ?”

“ದಿನಾ ಮಾಡ್ತೀನಿ.”

“ಮಾಡಿದ್ರೆ ಏನಾಗುತ್ತೆ?”

“ಸಮಾಧಾನ ಆಗುತ್ತೆ.”

ಅವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ಎದುರಿನ ಗಾಡಿಯವನು ಯಾವ ಕಡೆ ತಿರುಗಿಸುತ್ತಾನೋ ಎಂದು ಅಂದಾಜು ಮಾಡುವವರ ಹಾಗೆ. ಆಮೇಲೆ ಟೋಪಿ ಎತ್ತಿಕೊಂಡು, “ಸರಿ ಬಿಡಿ ಹಾಗಾದ್ರೆ,” ಎಂದು ಎದ್ದರು. ಆ ‘ಬಿಡಿ’ಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವಳು ಸಿಟ್ಟು ಮಾಡಿಕೊಂಡು ಮರೆಯಬಹುದಿತ್ತು. ಅವರು ಹೋದ ಮೇಲೂ ಅವಳ ತುಟಿಯ ಮೇಲೆ ನಗು ಹಾಗೇ ಉಳಿದಿತ್ತು. ಅದನ್ನು ಇಳಿಸಲು ಕೈಯಿಂದ ಕೆನ್ನೆ ಉಜ್ಜಿಕೊಳ್ಳಬೇಕಾಯಿತು.

ಮಧ್ಯಾಹ್ನ ಗಂಡ, ನಾದಿನಿ ಅತ್ತೆಯನ್ನು ಇಲ್ಲಿಗೆ ಕರೆದುಕೊಂಡು ಬರುತ್ತಾರೆ. ಇದೆಲ್ಲ ನಾದಿನಿಯ ಏರ್ಪಾಡು. ವರ್ಷಕ್ಕೆರಡು ಸಲ ಬರುವ ನಾದಿನಿಗೆ ಬಂದಾಗಲೆಲ್ಲ ಏನಾದರೂ ಸರಿಪಡಿಸಿ ಹೋಗಬೇಕು, ಕಳೆದ ಸಲ ಅಡುಗೆಮನೆಯ ಕಪಾಟು, ಈ ಸಲ ಅಮ್ಮನ ಕಿವಿ. “ಅಲ್ಲ ಅತ್ತಿಗೆ, ಊರಿನವರ ಕಿವಿಯೆಲ್ಲ ನೀವು ನೋಡ್ತೀರಿ, ಮನೇಲಿ ಅಮ್ಮ ಕಿವುಡಿಯಾಗಿ ಕೂತಿದ್ದಾಳೆ. ಕೇಳಿದವರು ನಗಲ್ವಾ?” ಅವಳು ಆಗಲೂ ನಕ್ಕಿದ್ದಳು. ಅತ್ತೆಯೇ ಒಪ್ಪುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅದು ಸುಳ್ಳೂ ಅಲ್ಲ. ಕಿವಿಯ ಯಂತ್ರದ ಮಾತೆತ್ತಿದರೆ ಅತ್ತೆ ಅಂಗೈ ಆಡಿಸಿ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಆದರೆ ಸೊಸೆಯೂ ಒಂದು ಸಲ ಕೇಳಿ ಸುಮ್ಮನಾಗಿದ್ದಳು, ಎರಡನೆಯ ಸಲ ಕೇಳಿರಲಿಲ್ಲ.

ಮಾವ ತೀರಿಕೊಂಡ ವರ್ಷವೇ ಅತ್ತೆಯ ಕಿವಿ ಹೋದದ್ದು. ಮೊದಲು ಎರಡೆರಡು ಸಲ ಕೂಗಬೇಕಾಯಿತು, ಆಮೇಲೆ ಕೂಗಿದರೂ ತಿರುಗಲಿಲ್ಲ. ಆಘಾತಕ್ಕೆ ಹೀಗಾಗುವುದುಂಟು ಎಂದು ಯಾರೋ ಹೇಳಿದರು, ಎಲ್ಲರೂ ಒಪ್ಪಿದರು. ಮೊದಮೊದಲು ಸನ್ನೆ, ಆಮೇಲೆ ಅದೂ ಕಡಿಮೆಯಾಗಿ, ಊಟದ ಮೇಜಿನ ಒಂದು ತುದಿಯಲ್ಲಿ ಅತ್ತೆ ಇರುವುದನ್ನೇ ಮನೆ ಮರೆತುಬಿಟ್ಟಿತು. ಮರೆಯಲಿಲ್ಲ, ಉಪಯೋಗಿಸಿಕೊಂಡಿತು. ಅತ್ತೆಯ ಎದುರಿಗೇ ನಾದಿನಿ ಅಣ್ಣನಿಗೆ ಹೇಳಿದ್ದಳು, ನನ್ನ ಮನೇಲಿ ಇಟ್ಕೊಳ್ಳೋಕೆ ಆಗಲ್ಲ ಕಣೋ, ನಮ್ಮನೆಯವರಿಗೆ ವಯಸ್ಸಾದವರ ಕೆಮ್ಮು ಕೇಳಿದ್ರೆ ಊಟ ಸೇರಲ್ಲ. ಗಂಡ ಫೋನಿನಲ್ಲಿ ಯಾರೊಡನೆಯೋ ಜಗಳ ಕಾಯಬೇಕಾದರೆ, ತಾನು ರಿಪೇರಿ ಮಾಡಿಸುವ ಲಿಫ್ಟುಗಳ ಮಾಲೀಕರನ್ನು ಕೆಟ್ಟ ಮಾತಿನಲ್ಲಿ ಬೈಯಬೇಕಾದರೆ, ಅಮ್ಮನ ಕೋಣೆಗೆ ಹೋಗುತ್ತಿದ್ದ. ಅವಳೂ ಹೋಗುತ್ತಿದ್ದಳು. ಭಾನುವಾರ ಅತ್ತೆಯ ತಲೆ ಬಾಚುವಾಗ ಬೆನ್ನ ಹಿಂದೆ ಕೂತು ಮಾತಾಡಲು ಶುರುಮಾಡಿದ್ದು ಯಾವಾಗ ಎಂದು ನೆನಪಿಲ್ಲ. ಮೊದಲು ಬರಿ ಸುಸ್ತಾಯಿತು ಎಂದಿರಬೇಕು. ಒಂದು ದಿನ, ನಿಮ್ಮ ಮಗ ನಗಿಸೋಕೆ ಅಂತ ಹೇಳೋ ಜೋಕುಗಳಿಗೆ ನಕ್ಕು ನಕ್ಕು ನನ್ನ ದವಡೆ ನೋಯುತ್ತೆ ಅತ್ತೆ, ಎಂದಳು. ಇನ್ನೊಂದು ದಿನ, ನೀವು ಹೋದ ಮೇಲೆ ಈ ಕೋಣೆಗೆ ನಾನು ಬರ್ತೀನಿ, ಕಿಟಕಿ ದೊಡ್ಡದಿದೆ, ಎಂದಳು. ಹೇಳಿದ ಮೇಲೆ ಎದೆ ಹಗುರಾಗಿತ್ತು, ಯಾರಿಗೂ ಏನೂ ಆಗಿರಲಿಲ್ಲ, ಬಾಚಣಿಗೆ ಬಿಳಿಕೂದಲಿನಲ್ಲಿ ಮೇಲಿಂದ ಕೆಳಗೆ ಇಳಿಯುತ್ತಿತ್ತು.

ಮಧ್ಯಾಹ್ನ ಅವರೆಲ್ಲ ಬಂದಾಗ ಡಾಕ್ಟರು ಊಟಕ್ಕೆ ಹೊರಟಿದ್ದರು. “ನಿಮ್ಮವರೇ ಅಲ್ವಾ, ನೀವೇ ನೋಡಿ,” ಎಂದು ಹೋದರು. ನಾದಿನಿ ಹೊರಗಿನ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತಳು. ಗಂಡ ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು, ಅದರೊಳಗಿನ ಬಸವನಹುಳುವಿನಂಥ ಸುರುಳಿಯನ್ನು, ಮೊದಲ ಸಲ ನೋಡುವವನ ಹಾಗೆ ನೋಡುತ್ತ ನಿಂತ. ಹೆಂಡತಿ ಕೆಲಸ ಮಾಡುವ ಜಾಗಕ್ಕೆ ಅವನು ಬಂದದ್ದೇ ಮೊದಲ ಸಲವಿರಬೇಕು. ಅವಳು ಅತ್ತೆಯ ಮೊಣಕೈ ಹಿಡಿದು ಪರೀಕ್ಷೆಯ ಗೂಡಿಗೆ ಕರೆದುಕೊಂಡು ಹೋದಳು. ಒಬ್ಬರು ಕೂರುವಷ್ಟು ದೊಡ್ಡ ಪೆಟ್ಟಿಗೆ ಅದು, ಗೋಡೆಗೆಲ್ಲ ಸ್ಪಂಜು, ಒಂದು ಕಡೆ ಗಾಜು, ಬಾಗಿಲು ಹಾಕಿದರೆ ಹೊರಗಿನ ಸದ್ದು ಒಳಗೆ ಬಾರದು. ಹೆಡ್‌ಫೋನು ಹಾಕಿ, ಗುಂಡಿಯಿದ್ದ ವಯರನ್ನು ಕೈಗೆ ಕೊಟ್ಟು, ಸದ್ದು ಕೇಳಿಸಿದಾಗ ಒತ್ತಿ ಎಂದು ಸನ್ನೆಯಲ್ಲಿ ತೋರಿಸಿದಳು. ಅತ್ತೆ ತಲೆಯಾಡಿಸಿದಳು. ಅವಳ ಮುಖದಲ್ಲಿ ಬಲವಂತಕ್ಕೆ ಫೋಟೋ ತೆಗೆಸಿಕೊಳ್ಳುವವರ ಬಿಗುಮಾನವಿತ್ತು.

ಮೊದಲ ಸದ್ದಿಗೆ ಅತ್ತೆ ಒತ್ತಲಿಲ್ಲ. ಸೊಸೆ ಸದ್ದು ಹೆಚ್ಚು ಮಾಡಿದಳು, ಅತ್ತೆ ಒತ್ತಲಿಲ್ಲ. ಮಾಮೂಲಿ ಮನುಷ್ಯರು ಹೆಡ್‌ಫೋನು ಕಿತ್ತೆಸೆಯುವಷ್ಟು ಹೆಚ್ಚು ಮಾಡಿದಾಗ ಮಾತ್ರ ಹೆಬ್ಬೆರಳು ಮೆಲ್ಲಗೆ ಇಳಿಯಿತು. ಎರಡು ಕಿವಿಯೂ ಹಾಗೇ. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಹಾಳೆಯ ಮೇಲೆ ಬರುವುದೊಂದು ಬಾಕಿಯಿತ್ತು. ಅವಳು ಪರದೆಯ ಮೇಲೆ ಚುಕ್ಕೆಗಳನ್ನು ಇಡುತ್ತ ಹೋದಳು. ಗಾಜಿನಾಚೆ ಅತ್ತೆಯ ಶಾಲಿನ ಒಂದು ತುದಿ ಜಾರಿ ಕುರ್ಚಿಯ ಗಾಲಿಯ ಕೆಳಗೆ ಸಿಕ್ಕಿತ್ತು. ಒಳಗಿನವರೊಡನೆ ಮಾತಾಡುವ ಮೈಕು ಆರಿಸಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಅದರ ಮಟ್ಟ ಕೆಳಗಿನ ಗೆರೆಯಲ್ಲಿತ್ತು, ಆರೋಗ್ಯವಾದ ಕಿವಿಗೂ ಅದು ಪಿಸುಮಾತೇ. ಅವಳು ತನ್ನಷ್ಟಕ್ಕೆ, “ಶಾಲು ಗಾಲಿಗೆ ಸಿಕ್ಕಿದೆ, ಏಳುವಾಗ ಹರಿಯುತ್ತೆ,” ಎಂದಳು.

ಅತ್ತೆ ಬಗ್ಗಿ ಶಾಲನ್ನು ಎಳೆದುಕೊಂಡು ಮಡಿಲ ಮೇಲೆ ಹಾಕಿಕೊಂಡಳು. ಆಮೇಲೆ ಆ ಕೈ ಅಲ್ಲೇ ನಿಂತಿತು. ತಲೆ ಎತ್ತಲಿಲ್ಲ.

ಆ ಕ್ಷಣದಲ್ಲಿ ಅವಳಿಗೆ ಆಶ್ಚರ್ಯವಾಗಲಿಲ್ಲ. ಇದೇ ಆಮೇಲೆ ಅವಳನ್ನು ಹೆಚ್ಚು ಕಾಡಿದ್ದು. ಅವಳು ಮೈಕು ಆರಿಸಿ ಎದ್ದು, ಬಾಗಿಲು ತೆಗೆದು, ಹೆಡ್‌ಫೋನು ಬಿಚ್ಚಿ, ಅತ್ತೆಯ ಕಿವಿಗೆ ಇನ್ನೊಂದು ಸಲಕರಣೆಯ ಸಣ್ಣ ರಬ್ಬರು ತುದಿಯನ್ನು ಇಟ್ಟಳು. ಇದಕ್ಕೆ ಗುಂಡಿ ಒತ್ತುವ ಕೆಲಸವಿಲ್ಲ. ದೊಡ್ಡ ಸದ್ದಾದರೆ ಕಿವಿಯೊಳಗಿನ ಪುಟ್ಟ ಸ್ನಾಯುವೊಂದು ತಾನಾಗಿ ಸೆಟೆದುಕೊಳ್ಳುತ್ತದೆ, ಕೇಳಿಸಿಕೊಳ್ಳುವವರ ಇಷ್ಟಾನಿಷ್ಟ ಅದಕ್ಕೆ ಲೆಕ್ಕಕ್ಕಿಲ್ಲ. ಪರದೆಯ ಮೇಲೆ ಗೆರೆ ಇಳಿಯಬೇಕಾದಲ್ಲಿ ಇಳಿಯಿತು. ವಯಸ್ಸಿಗೆ ತಕ್ಕ ಸವಕಲು ಬಿಟ್ಟರೆ ಕಿವಿ ಚೆನ್ನಾಗಿತ್ತು. ಅತ್ತೆ ಪರದೆಯನ್ನು ನೋಡಲಿಲ್ಲ, ಸೊಸೆಯ ಮುಖವನ್ನೂ ನೋಡಲಿಲ್ಲ, ಗೂಡಿನ ಸ್ಪಂಜಿನ ಗುಳಿಗಳನ್ನು ನೋಡುತ್ತಿದ್ದಳು. ಅವಳು ತಾನೂ ಒಳಗೆ ಬಂದು, ಜಾಗವಿಲ್ಲದ್ದರಿಂದ ನೆಲದ ಮೇಲೆ ಕೂತು, ಬಾಗಿಲು ಎಳೆದುಕೊಂಡಳು.

ಬಾಗಿಲು ಹಾಕಿದೊಡನೆ ಲೋಕ ನಿಂತುಹೋಯಿತು. ಎಷ್ಟು ಸಾವಿರ ಜನರನ್ನು ಇಲ್ಲಿ ಕೂರಿಸಿದ್ದಳೋ, ತಾನು ಬಾಗಿಲು ಹಾಕಿಕೊಂಡು ಒಂದು ಸಲವೂ ಕೂತಿರಲಿಲ್ಲ. ಮೊದಲು ಏನೂ ಇಲ್ಲ ಅನ್ನಿಸಿತು. ಆಮೇಲೆ ಕುತ್ತಿಗೆಯಲ್ಲಿ ರಕ್ತ ಹರಿಯುವುದು, ನುಂಗಿದ ಉಗುಳಿನ ಸಣ್ಣ ಕಟಕ್, ಅತ್ತೆಯ ಮೂಗಿನ ಸೀಳುಸಿಳ್ಳೆ. ಅವಳ ಮುಖ ತಾನಾಗಿ ನಗೆಗೆ ಸಿದ್ಧವಾಗುತ್ತಿತ್ತು. ಅದು ಆಗುತ್ತಿರುವುದನ್ನು ಅವಳು ನೋಡಿದಳು, ಬೇರೆ ಯಾರದೋ ಮುಖದಲ್ಲಿ ಆಗುವುದನ್ನು ನೋಡಿದಂತೆ. ಕೆನ್ನೆಯ ಒಂದು ಎಳೆ ಮೇಲಕ್ಕೆ, ಹುಬ್ಬು ಸ್ವಲ್ಪ ಒಳಕ್ಕೆ, ಏನೂ ಆಗಿಲ್ಲ ಅತ್ತೆ ಎನ್ನುವ ಮಾತು ನಾಲಿಗೆಯ ತುದಿಗೆ. ಚಾಲಕರಿಗೆ ಹೇಳಿದ್ದನ್ನೇ ತನಗೆ ಹೇಳಿಕೊಂಡಳು. ಓಡಿಸಬೇಡ. ಇದೆ. ಉಸಿರು ಒಳಗೆ ಹೋಯಿತು, ಎದೆಯ ಅರ್ಧಕ್ಕೇ ನಿಂತಿತು, ಅಲ್ಲಿಂದ ಕೆಳಗಿಳಿದು ಯಾವ ಕಾಲವಾಗಿತ್ತೋ. ನಗು ಬರಲಿಲ್ಲ. ಬದಲಿಗೆ ನಾಚಿಕೆ ಬಂತು, ಬಿಸಿಯಾಗಿ, ಕಿವಿಯ ತುದಿಯವರೆಗೆ. ನೀವು ಹೋದ ಮೇಲೆ ಈ ಕೋಣೆಗೆ ನಾನು ಬರ್ತೀನಿ. ಆ ಮಾತಾದ ಒಂದೆರಡು ತಿಂಗಳಿಗೆ ಅತ್ತೆ, ಬೆಳಕು ಕಣ್ಣಿಗೆ ಚುಚ್ಚುತ್ತೆ ಎಂದು ಹಟ ಹಿಡಿದು ಹಿಂದಿನ ಕತ್ತಲೆ ಕೋಣೆಗೆ ಹಾಸಿಗೆ ಹಾಕಿಸಿಕೊಂಡಿದ್ದಳು. ದೊಡ್ಡ ಕಿಟಕಿಯ ಕೋಣೆ ಇವಳಿಗೆ ಬಂದಿತ್ತು. ಮುದುಕರ ಹಟ ಎಂದು ಇವಳು ಗಂಡನೊಡನೆ ನಕ್ಕಿದ್ದಳು.

ನಾಚಿಕೆಯ ಕೆಳಗೆ ಇನ್ನೊಂದು ಇತ್ತು. ಮೂರನೆಯ ತಿಂಗಳಲ್ಲಿ ಮಗು ನಿಲ್ಲದೆ ಹೋದಾಗ ಆಸ್ಪತ್ರೆಯ ಹಾಸಿಗೆಯ ಸುತ್ತ ಎಲ್ಲರೂ ನಿಂತಿದ್ದರು, ಅವಳ ತಾಯಿ, ನಾದಿನಿ, ಗಂಡ. ಎಲ್ಲರೂ ಅವಳ ಮುಖ ನೋಡುತ್ತಿದ್ದರು, ಅವಳು ಎಲ್ಲರಿಗೂ ಬೇಕಾದಷ್ಟು ಅತ್ತಳು. ಗಂಡ ಅವಳ ಕೈ ಹಿಡಿದು ತಾನೂ ಅತ್ತ. ಅವನ ಅಳು ನಿಜವಾಗಿತ್ತು. ಮನೆಗೆ ಬಂದ ವಾರ ಅತ್ತೆಯ ತಲೆ ಬಾಚುತ್ತ, ನಂಗೆ ಬೇಕಿರಲಿಲ್ಲ ಅತ್ತೆ, ಹೋಯ್ತು ಅಂದಾಗ ಮೈಮೇಲಿಂದ ಯಾರೋ ಎದ್ದು ಹೋದ ಹಾಗಾಯ್ತು, ನಾನೆಂಥವಳು, ಎಂದಳು. ಅತ್ತೆಯ ತಲೆ ಅಲುಗಲಿಲ್ಲ. ಆದರೆ ಸ್ವಲ್ಪ ದಿನದ ಮೇಲೆ ಬಂಧುಗಳಲ್ಲಿ ಯಾರೋ, ಮುಂದಿನ ಮಗು ಯಾವಾಗ, ಎಂದು ಬಾಯಿ ತೆಗೆದಾಗ, ಏನೂ ಕೇಳಿಸದ ಅತ್ತೆ ಸರಿಯಾಗಿ ಅದೇ ಹೊತ್ತಿಗೆ ಎದೆನೋವು ಎಂದು ಎಲ್ಲರನ್ನೂ ಎಬ್ಬಿಸಿದ್ದಳು. ಆಮೇಲೊಂದು ಸಲ, ಅವರು ಮತ್ತೆ ಬಂದಾಗ, ಟೀಪಾಯಿಯ ಮೇಲಿದ್ದ ಚಹಾದ ತಟ್ಟೆಯನ್ನೇ ಕೈಜಾರಿ ಎಂಬಂತೆ ಕೆಡವಿದ್ದಳು.

ಹಾಗಾದರೆ ನನಗೆ ಗೊತ್ತಿತ್ತಾ. ಈ ಪ್ರಶ್ನೆ ಬಂದಾಗ ಅವಳು ಅದನ್ನು ಪಕ್ಕಕ್ಕೆ ತಳ್ಳಲು ನೋಡಿದಳು, ಅದು ಹೋಗಲಿಲ್ಲ. ದಿನಾ ಕಿವಿ ನೋಡುವವಳು. ಕಿವುಡರು ತುಟಿ ನೋಡುತ್ತಾರೆ, ಅತ್ತೆ ನೋಡುತ್ತಿರಲಿಲ್ಲ. ಕಿವುಡರ ದನಿ ವರ್ಷಗಳಾಗುತ್ತ ಏರಿಳಿತ ತಪ್ಪುತ್ತದೆ, ಅತ್ತೆಯದು ತಪ್ಪಿರಲಿಲ್ಲ. ಬೇರೆ ಮನೆಯ ಮುದುಕಿಯಾಗಿದ್ದರೆ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು. ತಾನು ಯಂತ್ರದ ಮಾತನ್ನು ಎರಡನೆಯ ಸಲ ಎತ್ತದೆ ಇದ್ದದ್ದು ಅತ್ತೆಯ ಹಟಕ್ಕೆ ಹೆದರಿ ಅಲ್ಲ. ಗೋಡೆಗೆ ಹೇಳುವುದೇ ಸಾಕಾಗಿದ್ದರೆ ಗೋಡೆ ಎಲ್ಲ ಕೋಣೆಯಲ್ಲೂ ಇತ್ತು. ಬೇಕಿದ್ದದ್ದು ಬೆಚ್ಚಗಿನ ಒಂದು ಬೆನ್ನು, ಕೇಳಿಸಿಕೊಂಡೂ ತಿರುಗದ ಬೆನ್ನು. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನ ಮಾಡಲು ಮನಸ್ಸು ಆಗಲೇ ಹೊರಟಿತ್ತು. ಅದನ್ನು ಬೈಯದೆ ವಾಪಸ್ಸು ಕರೆತಂದಳು. ಉಸಿರು ಈ ಸಲ ಇನ್ನೂ ಸ್ವಲ್ಪ ಕೆಳಗಿಳಿಯಿತು.

“ಇಲ್ಲಿ ಮಾತಾಡಿದ್ದು ಆಚೆ ಕೇಳಿಸಲ್ಲ ಅಲ್ವಾ?” ಎಂದಳು ಅತ್ತೆ.

“ಇಲ್ಲ.”

“ಆ ಮೈಕು?”

“ಆರಿಸಿ ಬಂದಿದೀನಿ.”

ಅತ್ತೆ ಶಾಲಿನ ಅಂಚನ್ನು ಮಡಿಸಿದಳು, ಬಿಡಿಸಿದಳು. “ನಿನ್ ಮಾವ ಬದುಕಿರೋವರೆಗೆ ಹೂಂ ಅಂದಿದ್ದೇ ಅಂದಿದ್ದು. ಅವರು ಹೋದ ಮೇಲೆ ಮಕ್ಕಳು ಶುರು ಮಾಡಿದ್ರು. ಅಮ್ಮ ಹಿಂಗೆ ಮಾಡೋಣ್ವಾ, ಅಮ್ಮ ಹಂಗೆ ಮಾಡೋಣ್ವಾ. ಅವರು ಆಗಲೇ ತೀರ್ಮಾನ ಮಾಡಿರೋರು, ನನ್ನ ಹೂಂ ಒಂದು ಬೇಕು. ಒಂದಿನ ನಿಜವಾಗ್ಲೂ ಕಿವಿ ಕಟ್ಟಿತ್ತು, ಶೀತಕ್ಕೆ. ಕೇಳಿಸಲ್ಲ ಅಂದೆ. ಸುಮ್ಮನಾದ್ರು. ಅಷ್ಟು ನೆಮ್ಮದಿ ನಾನು ಜನ್ಮದಲ್ಲೇ ನೋಡಿರಲಿಲ್ಲ ಕಣೇ. ಶೀತ ವಾಸಿಯಾಯ್ತು, ನಾನು ಹೇಳ್ಲಿಲ್ಲ.”

“ನನಗೂ ಹೇಳ್ಲಿಲ್ಲ.”

“ಹೇಳೋಣ ಅಂತ ಇದ್ದೆ. ಅಷ್ಟರಲ್ಲಿ ನೀನು ಮಾತಾಡೋಕೆ ಶುರು ಮಾಡಿದೆ. ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ.”

ಅವಳಿಗೆ ಸಿಟ್ಟು ಬಂತು. “ಇಷ್ಟು ವರ್ಷ ನನ್ನ ಬೆತ್ತಲೆ ನೋಡ್ತಾ ಕೂತಿದ್ರಿ.”

“ಬಿಚ್ಚಿದವಳು ನೀನೇ.”

“ಯಾರೂ ಇಲ್ಲ ಅಂದುಕೊಂಡು ಬಿಚ್ಚಿದೆ.”

“ನಿಜವಾಗ್ಲೂ?” ಎಂದಳು ಅತ್ತೆ, ಮೊದಲ ಸಲ ಅವಳ ಮುಖ ನೋಡಿ.

ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಪೂರ್ತಿ ನಿಜವಲ್ಲ. ಅವಳು ಸುಮ್ಮನಿದ್ದಳು. ಎದುರಿನವರಿಗೆ ಏನು ಬೇಕೆಂದು ಹುಡುಕದೆ ಸುಮ್ಮನಿರುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅದರಲ್ಲಿ ಹಿತವೇನೂ ಇರಲಿಲ್ಲ, ಆದರೆ ಕಾಲಿಗೆ ನೆಲ ಸಿಕ್ಕ ಹಾಗಿತ್ತು.

“ಕೋಣೆ ವಿಷಯ,” ಎಂದು ಶುರುಮಾಡಿದಳು.

“ಅದಿರಲಿ. ಆ ಕೋಣೇಲಿ ನಂಗೂ ಸೆಖೆ ಆಗ್ತಿತ್ತು.” ಅತ್ತೆ ಗಾಜಿನಾಚೆ ನೋಡಿದಳು. “ಈಗ ಹೊರಗೆ ಹೋಗಿ ಕೇಳಿಸಲ್ಲ ಅಂತ ಹೇಳಿಬಿಡು. ಮಗಳು ಮಿಷನ್ನು ಕೊಡಿಸ್ತಾಳೆ, ಡ್ರಾಯರಿನಲ್ಲಿ ಇಡ್ತೀನಿ. ಮುಗೀತು.”

ಹೊರಗೆ ನಾದಿನಿ ಎದ್ದು ನಿಂತಿದ್ದಳು. ಗಂಡ ಮೊಬೈಲು ಜೇಬಿಗೆ ಹಾಕಿದ. “ಇಷ್ಟು ಹೊತ್ತು ಏನು ಮಾಡಿದ್ರಿ ಅತ್ತಿಗೆ? ಎಷ್ಟು ಕೇಳಿಸುತ್ತೆ? ಯಾವ ಮಿಷನ್ನು ತಗೋಬೇಕು? ಕಾಣದ ಹಾಗೆ ಒಳಗೆ ಕೂರೋದು ಬರುತ್ತಂತೆ.” ಅತ್ತೆ ಬೆಂಚಿನ ತುದಿಯಲ್ಲಿ ಕೂತು ಖಾಲಿ ಮುಖ ಮಾಡಿಕೊಂಡಳು. ಎಷ್ಟು ಚೆನ್ನಾಗಿ ಮಾಡಿಕೊಂಡಳೆಂದರೆ, ಈಗಷ್ಟೇ ಮಾತಾಡಿದವಳು ಇವಳೇನಾ ಎಂದು ಅವಳಿಗೇ ಅನುಮಾನ ಬಂತು. ಹೇಳಬೇಕಾದ ವಾಕ್ಯ ಸಿದ್ಧವಾಗಿತ್ತು, ಸಾಣೆ ಹಿಡಿದ ದನಿ ಸಿದ್ಧವಾಗಿತ್ತು. ವಯಸ್ಸಾಗಿದೆ ಅಲ್ವಾ, ನರದ ತೊಂದರೆ, ಒಂದು ಸಾದಾ ಮಿಷನ್ನು ಹಾಕಿ ನೋಡೋಣ. ಎಲ್ಲರಿಗೂ ಹಿಡಿಸುವ ಮಾತು. ಅವಳು ಬಾಯಿ ತೆಗೆದಳು.

“ನಾನು ಹೇಳಲ್ಲ.”

“ಏನು?”

“ಪರೀಕ್ಷೆ ಮಾಡಿದೀನಿ. ಏನಿದೆ ಅಂತ ಅತ್ತೆಗೆ ಗೊತ್ತು. ಬೇಕಾದ್ರೆ ಅವರೇ ಹೇಳ್ತಾರೆ. ನಾನು ಹೇಳಲ್ಲ.”

ಮಾತು ಒರಟಾಗಿ ಬಂದಿತ್ತು, ತಿದ್ದಲು ಏನೂ ಸೇರಿಸಲಿಲ್ಲ. ನಾದಿನಿ ಅಣ್ಣನ ಕಡೆ ನೋಡಿದಳು. “ಕಿವುಡಿ ಏನು ಹೇಳ್ತಾಳೆ? ಇದೆಂಥ ಉತ್ತರ?” ಗಂಡ, “ನಿನಗೇನಾಯ್ತು ಇವತ್ತು?” ಎಂದ. ಮೇಜಿನ ಹಿಂದೆ ಕೂತಿದ್ದ ಕ್ಲಿನಿಕ್ಕಿನ ಹುಡುಗಿ ಟೈಪು ಮಾಡುವುದನ್ನು ನಿಲ್ಲಿಸಿದಳು. ಸೊಸೆಗೆ ಧೈರ್ಯವೇನೂ ಹೆಚ್ಚಿರಲಿಲ್ಲ, ಆದರೂ ಅಲ್ಲೇ ನಿಂತಳು.

ಮನೆಗೆ ಹೋಗುವಾಗ ಕಾರಿನಲ್ಲಿ ಅತ್ತೆ ಸಿಟ್ಟಾಗಿದ್ದಳು. ಹಿಂದಿನ ಸೀಟಿನಲ್ಲಿ ಸೊಸೆಯ ಪಕ್ಕದಲ್ಲಿ ಕೂತಿದ್ದರೂ ಶಾಲನ್ನು ತನ್ನ ಕಡೆಗೆ ಎಳೆದುಕೊಂಡು, ಮೊಣಕೈ ತಾಗದ ಹಾಗೆ ನೋಡಿಕೊಂಡಿದ್ದಳು. ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೆಲ್ಲ ಸೊಸೆಗೆ ಅತ್ತೆಯ ಕಡೆ ತಿರುಗಿ ಕ್ಷಮಿಸಿ ಎನ್ನಬೇಕು ಅನ್ನಿಸುತ್ತಿತ್ತು. ಯಾತಕ್ಕೆ ಎಂದು ಕೇಳಿಕೊಂಡರೆ ಸರಿಯಾದ ಕಾರಣ ಸಿಗುತ್ತಿರಲಿಲ್ಲ. ರಸ್ತೆ ಬದಿಯಲ್ಲಿ ಹಣ್ಣಿನ ಗಾಡಿ, ಅದರ ಮೇಲೆ ನೀರು ಚಿಮುಕಿಸುವ ಕೈ, ಪಕ್ಕದ ಬಸ್ಸಿನ ಕಿಟಕಿಗೆ ಹಣೆ ಆನಿಸಿ ನಿದ್ದೆ ಮಾಡುವವನೊಬ್ಬ. ಇವೆಲ್ಲ ಬಹಳ ಸ್ಪಷ್ಟವಾಗಿ ಕಾಣುತ್ತಿದ್ದವು. ಇದನ್ನು ಸಮಾಧಾನ ಎಂದು ಕರೆಯಲು ಬರುತ್ತಿರಲಿಲ್ಲ. ಬೆಳಗಿನ ಆ ಬಸ್ಸು ಚಾಲಕರು ಮತ್ತೆ ಬಂದರೆ ಬೇರೆ ಮಾತು ಹೇಳಬೇಕು.

ಸಂಜೆ ಇನ್ನೂ ಬಿಸಿಲಿತ್ತು. ನಾದಿನಿ ಊರಿಗೆ ಹೊರಡುವ ಮುಂಚೆ ಚಹಾ ಕುಡಿಯಲು ಎಲ್ಲರೂ ಊಟದ ಮೇಜಿನ ಸುತ್ತ ಕೂತರು. ಅತ್ತೆ ತನ್ನ ತುದಿಯಲ್ಲಿ ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು. ಸೊಸೆ ಅಡುಗೆಮನೆಯಿಂದ ಉಳಿದ ಕಪ್ಪುಗಳನ್ನು ತರುವಾಗ ನಾದಿನಿ ಅಣ್ಣನ ಕಿವಿಯ ಹತ್ತಿರ ಬಾಗಿದ್ದಳು. ಪಿಸುಮಾತು ಎಂದುಕೊಂಡೇ ಆಡಿದ್ದು.

“ಅತ್ತಿಗೆಗೆ ಕೊಬ್ಬು ಬಂದಿದೆ ಕಣೋ. ಸಂಬಳ ತರ್ತಾಳಲ್ಲ, ಅದಕ್ಕೆ.”

“ಕೊಬ್ಬಲ್ಲ,” ಎಂದಳು ಅತ್ತೆ, ತೊಳೆಯ ನಾರು ಬಿಡಿಸುತ್ತ. “ನನ್ನ ಮಾತು ನಾನೇ ಆಡಬೇಕು ಅಂತ ಸುಮ್ಮನಿದ್ಲು. ಕೇಳಿಸುತ್ತೆ ನಂಗೆ. ಮೊದಲಿಂದಲೂ ಕೇಳಿಸುತ್ತೆ.”

ನಾದಿನಿ ಬಾಗಿದವಳು ಬಾಗಿದ ಹಾಗೇ ಇದ್ದಳು. ಗಂಡನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ನೆಂದು, ಮುರಿದು, ಮುಳುಗಿತು. ಮೇಜಿನ ಸುತ್ತ ಒಬ್ಬೊಬ್ಬರೂ ತಮ್ಮ ತಮ್ಮ ವರ್ಷಗಳನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಈ ಮೇಜಿನ ಮುಂದೆ ಏನು ಹೇಳಿದೆ, ಆ ಕೋಣೆಯಲ್ಲಿ ಏನು ಹೇಳಿದೆ, ಕೆಮ್ಮಿನ ಬಗ್ಗೆ ಏನು ಹೇಳಿದೆ. ನಾದಿನಿಯ ಕಣ್ಣಲ್ಲಿ ನೀರು ತುಂಬಿತು. ಅದು ಪಶ್ಚಾತ್ತಾಪವೋ, ಅವಮಾನವೋ, ಅವಳಿಗೂ ಆ ಹೊತ್ತಿಗೆ ಗೊತ್ತಿರಲಿಕ್ಕಿಲ್ಲ. “ಇಷ್ಟು ವರ್ಷ ನಮ್ಮನ್ನ ನೋಡಿ ನಗ್ತಾ ಇದ್ದೆಯಾ ಅಮ್ಮ?” ಎಂದಳು.

“ನಗು ಬರೋ ಅಂಥದ್ದು ನೀವು ಏನೂ ಹೇಳ್ಲಿಲ್ಲ,” ಎಂದಳು ಅತ್ತೆ. ಆಮೇಲೆ ಸ್ವಲ್ಪ ಮೆತ್ತಗೆ, “ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳಿಲ್ಲ. ನಾನು ಮಾಡಿದ್ದು ಅಷ್ಟೇ,” ಎಂದು ತೊಳೆಯೊಂದನ್ನು ಮಗಳ ಕಡೆಗೆ ಚಾಚಿದಳು. ನಾದಿನಿ ತೆಗೆದುಕೊಳ್ಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ಬಾಗಿಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು, ಯಾರಾದರೂ ತಡೆಯಲಿ ಎಂಬಂತೆ. ಮಾಮೂಲಿಯಾಗಿದ್ದರೆ ಸೊಸೆಯೇ ಓಡಿಹೋಗಿ ಕೈ ಹಿಡಿದು, ಅತ್ತೆಯ ಪರವಾಗಿ, ಗಂಡನ ಪರವಾಗಿ, ಮನೆಯ ಗೋಡೆಗಳ ಪರವಾಗಿ ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದಳು. ಈಗ ಗೇಟಿನವರೆಗೆ ಜತೆಗೆ ನಡೆದಳು, ಅಷ್ಟೆ. “ಫೋನ್ ಮಾಡಿ,” ಎಂದಳು. ನಾದಿನಿ ತಿರುಗಿ, “ಅಮ್ಮಂಗೆ ಫೋನ್ ಮಾಡಿದ್ರೆ ಎತ್ತುತ್ತಾಳಾ ಈಗ?” ಎಂದಳು. ಅದರಲ್ಲಿ ಕುಟುಕಿತ್ತು, ನಿಜವಾಗಿ ಕೇಳುವುದೂ ಇತ್ತು. “ಕೇಳಿ ನೋಡಿ,” ಎಂದಳು ಅವಳು.

ವಾಪಸ್ಸು ಬಂದಾಗ ಅತ್ತೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಮೇಜಿನ ಮೇಲೆ ಕಿತ್ತಳೆ ಸಿಪ್ಪೆ, ಆರಿದ ಚಹಾ. ಗಂಡ ಚಮಚದಿಂದ ಕಪ್ಪಿನ ತಳದ ಬಿಸ್ಕತ್ತನ್ನು ಕಲಕುತ್ತಿದ್ದ. ಅವನ ಕುತ್ತಿಗೆಯ ಹಿಂಭಾಗ ಕೆಂಪಾಗಿತ್ತು. ಅವನು ಅಮ್ಮನ ಮುಂದೆ ಏನೇನು ಹೇಳಿದ್ದನೋ ಎಂದು ಅವಳು ಮೊದಲ ಸಲ ಯೋಚಿಸಿದಳು. ಅವನಿಗೂ ಒಂದು ಬೆನ್ನು ಬೇಕಾಗಿದ್ದಿರಬಹುದು. ಇಷ್ಟು ವರ್ಷ ಒಂದೇ ಕೋಣೆಗೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಬರುತ್ತಿದ್ದರು, ಬಾಗಿಲಲ್ಲಿ ಎದುರಾದರೆ ದಾರಿ ಬಿಟ್ಟುಕೊಡುತ್ತಿದ್ದರು.

“ನೀನೇನು ಹೇಳಿದ್ದೀಯ?” ಎಂದ ಅವನು, ಕಪ್ಪಿನಿಂದ ತಲೆ ಎತ್ತದೆ. “ಅಮ್ಮನ ಮುಂದೆ. ಭಾನುವಾರ ನೀನು ಒಳಗೆ ಮಾತಾಡೋದು ಹೊರಗೆ ಗುಣುಗುಣು ಅಂತ ಕೇಳಿಸ್ತಿತ್ತು. ಹಾಡು ಹೇಳ್ಕೊಳ್ತೀಯ ಅಂದ್ಕೊಂಡಿದ್ದೆ.”

ತಪ್ಪಿಸಿಕೊಳ್ಳಲು ದಾರಿ ಬೇಕಾದಷ್ಟಿತ್ತು. ಏನಿಲ್ಲ, ಹೆಂಗಸರ ಮಾತು, ಎನ್ನಬಹುದಿತ್ತು. ನಕ್ಕುಬಿಡಬಹುದಿತ್ತು, ಅವನೂ ನಗುತ್ತಿದ್ದ. ಅವನಿಗೆ ಈಗ ಬೇಕಾಗಿದ್ದದ್ದು ಬಹುಶಃ ಅದೇ. ಅವಳು ಕುರ್ಚಿ ಎಳೆದು ಅವನೆದುರಿಗೆ ಕೂತಳು. ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಹೊರಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

“ಹೇಳ್ತೀನಿ. ಕೇಳಿದ ಮೇಲೆ ನಿನಗೆ ನನ್ನ ಮೇಲೆ ಹೇಗೆ ಅನ್ನಿಸುತ್ತೋ ನಂಗೊತ್ತಿಲ್ಲ.”

ಅವನು ಚಮಚ ಕೆಳಗಿಟ್ಟ.

“ಅವತ್ತು ಆಸ್ಪತ್ರೆಯಲ್ಲಿ ನಾನು ಅತ್ತಿದ್ದೆ ಅಲ್ವಾ,” ಎಂದಳು. ದನಿ ಒಡಕಾಗಿತ್ತು, ದಪ್ಪವಾಗಿತ್ತು, ವಾಕ್ಯದ ಕೊನೆ ಎಳೆಯದೆ ಕಡಿದು ಬೀಳುತ್ತಿತ್ತು. “ಅದು ನೀವೆಲ್ಲ ನೋಡ್ತಿದ್ದೀರಿ ಅಂತ ಅತ್ತಿದ್ದು.”

ಅವನು ಕುರ್ಚಿಯ ಅಂಚಿಗೆ ಸರಿದಿದ್ದ. ಎದ್ದು ಹೋಗಬಹುದು ಎಂದು ಅವಳಿಗೆ ಅನ್ನಿಸಿತು. ಹೋದರೆ ಹೋಗಲಿ ಎಂದುಕೊಳ್ಳಲು ಸಾಧ್ಯವಾಗಲಿಲ್ಲ. ಹೋಗಬಾರದು ಎಂದೇ ಬಯಸಿದಳು, ಬಹಳ ಬಯಸಿದಳು. ಆ ಬಯಕೆಯನ್ನು ಮುಖದಿಂದ ಒರೆಸಿಕೊಳ್ಳದೆ, ಅವನ ಮುಖದಲ್ಲಿ ಏನಿದೆಯೆಂದು ಮೊದಲೇ ಓದಿಕೊಳ್ಳದೆ, ಎರಡನೆಯ ವಾಕ್ಯ ಹೇಳಿದಳು.